ಪರವಾನಗಿ ಪಿಸ್ತೂಲು: ಕಲಿಕೆ, ಎಚ್ಚರ, ಜೋಪಾನ

ಆತ್ಮರಕ್ಷಣೆಗೆ ಪಿಸ್ತೂಲು ಅಥವಾ ರಿವಾಲ್ವರ್ ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ದೋಣಿಮಲೈ, ಸಂಡೂರು, ಕಂಪ್ಲಿಯವರು ಬಳ್ಳಾರಿ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸುತ್ತಾರೆ; 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿಯವರ ಅರ್ಜಿ ಹೊಸಪೇಟೆಗೇ ಹೋಗುತ್ತದೆ. ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಂಡ ಬಳಿಕವೇ ತೀರ್ಮಾನ. 2019ರ ತಿದ್ದುಪಡಿಯ ಪ್ರಕಾರ ಒಬ್ಬರು ಹೆಚ್ಚೆಂದರೆ ಎರಡು ಬಂದೂಕು ಹೊಂದಬಹುದು. ಪರವಾನಗಿಯ ಅವಧಿ 5 ವರ್ಷ.

ದೋಣಿಮಲೈನ ಎನ್‌ಎಂಡಿಸಿ ಗಣಿ ಕಾಯುವ ಸಿಐಎಸ್‌ಎಫ್ ಜವಾನರ ಆಯುಧದ ಲೆಕ್ಕ ಬೇರೆ. ಅದು ಕರ್ತವ್ಯಕ್ಕೆ ಕೊಟ್ಟದ್ದು, ಕೆಲಸ ಮುಗಿದರೆ ಶಸ್ತ್ರಾಗಾರಕ್ಕೆ ಹೋಗುತ್ತದೆ. ಪರವಾನಗಿದಾರನ ಆಯುಧ ಮಾತ್ರ ಹಗಲಿರುಳು ಅವನ ಹೊಣೆಯಲ್ಲೇ ಇರುತ್ತದೆ. ಸಾಮಾನ್ಯ ನಾಗರಿಕರಿಗೆ 9 ಎಂಎಂ ನಿಷಿದ್ಧ. ಹೆಚ್ಚು ಬಳಕೆಯಲ್ಲಿರುವುದು .32 ಬೋರ್; ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದ, ಸುಮಾರು ಅರ್ಧ ಕಿಲೋ ತೂಕದ ‘ನಿರ್ಭೀಕ್’ ರಿವಾಲ್ವರ್ ಕೂಡ ಇದೇ ಬೋರಿನದು.

2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಗೂ ಜಾಗ ಕೊಟ್ಟಿವೆ. ಹಿಡಿಯುವ, ಒಯ್ಯುವ, ಗುಂಡು ಹಾರಿಸುವ, ಶುಚಿಗೊಳಿಸುವ, ಎತ್ತಿಡುವ ಕ್ರಮ ಹಾಗೂ ಕಾನೂನಿನ ಪರಿಚಯ ಅದರಲ್ಲಿ ಸೇರಿವೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ.

ಮೊದಲ ಪಾಠಗಳು ನಾಲ್ಕು. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿಯಬೇಕು. ಹೊಡೆಯಬಾರದ ಕಡೆ ನಳಿಕೆ ತಿರುಗಿಸಬಾರದು. ಗುರಿ ನಿಶ್ಚಯವಾಗುವ ತನಕ ಬೆರಳು ಟ್ರಿಗರ್ ಮುಟ್ಟಬಾರದು. ಗುರಿಯ ಹಿಂದೆ ಏನಿದೆ, ಯಾರಿದ್ದಾರೆ ಎಂಬುದು ಗೊತ್ತಿರಬೇಕು. ಸಂಡೂರಿನ ಸುತ್ತಲಿನ ಕಬ್ಬಿಣದ ಅದಿರಿನ ಕಲ್ಲಿನ ನೆಲದಲ್ಲಿ ಈ ಕೊನೆಯ ಮಾತಿಗೆ ಇನ್ನಷ್ಟು ತೂಕ. ಗಟ್ಟಿ ಕಲ್ಲಿಗೆ ತಾಗಿದ ಗುಂಡು ಸಿಡಿದು ಯಾವ ದಿಕ್ಕಿಗಾದರೂ ಹಾರಬಹುದು. ಅಭ್ಯಾಸಕ್ಕೆ ಮಣ್ಣಿನ ದಿಬ್ಬವಿರುವ ಅಧಿಕೃತ ಫೈರಿಂಗ್ ರೇಂಜೇ ಆಗಬೇಕು.

ಆಯುಧ ಖಾಲಿ ಮಾಡುವಾಗಲೇ ಅನೇಕ ಅವಘಡಗಳಾಗುತ್ತವೆ. ಪಿಸ್ತೂಲಿನಲ್ಲಿ ಮೊದಲು ಮ್ಯಾಗಝೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಹಿಂದಕ್ಕೆಳೆಯಬೇಕು. ಕ್ರಮ ತಪ್ಪಿ ಸ್ಲೈಡನ್ನೇ ಮೊದಲು ಎಳೆದರೆ ಒಂದು ಗುಂಡು ಹೊರಬಿದ್ದು, ಮ್ಯಾಗಝೀನಿನ ಇನ್ನೊಂದು ಒಳಸೇರುತ್ತದೆ. ಬಳಿಕ ಮ್ಯಾಗಝೀನ್ ತೆಗೆದವನು ಪಿಸ್ತೂಲು ಖಾಲಿಯಾಯಿತೆಂದು ನಂಬುತ್ತಾನೆ, ಆದರೆ ಒಳಗೆ ಗುಂಡು ಕೂತಿರುತ್ತದೆ. ಆದ್ದರಿಂದ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳುವುದು ರೂಢಿ. ರಿವಾಲ್ವರಿನ ಸಿಲಿಂಡರ್ ತೆರೆದರೆ ಗುಂಡು ಕೂರುವ ಎಲ್ಲ ಮನೆಗಳೂ ಒಟ್ಟಿಗೆ ಕಾಣುತ್ತವೆ.

ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು, ಧರಿಸಿದವರ ಹತೋಟಿಯಲ್ಲೇ ಇರಬೇಕು ಎಂಬುದು ನಿಯಮ. ಹೋಲ್‌ಸ್ಟರ್ ಟ್ರಿಗರನ್ನು ಮುಚ್ಚುವಷ್ಟು ಗಟ್ಟಿಯಾಗಿರುವುದು ಮುಖ್ಯ. ಸೊಂಟಕ್ಕೆ ಬರಿದೇ ಸಿಕ್ಕಿಸಿಕೊಂಡರೆ ಬಟ್ಟೆಯ ಮಡಿಕೆಯೇ ಟ್ರಿಗರ್ ಎಳೆದೀತು. ಹಂಪಿಯ ವಿರೂಪಾಕ್ಷ ರಥೋತ್ಸವದಂಥ ಜಾತ್ರೆ, ಮೆರವಣಿಗೆಗಳಿಗೆ ವಿಶೇಷ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಮದುವೆ, ಸಮಾರಂಭದ ಸಂಭ್ರಮದಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಮದ್ಯ ಸೇವಿಸಿದಾಗ ಆಯುಧ ಮುಟ್ಟಲೇಬಾರದು.

ಮನೆಯಲ್ಲಿ ಆಯುಧವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಗುಂಡುಗಳನ್ನು ಬೇರೆಡೆ ಇಡಬೇಕು. ಬೀಗದ ಕೈ ಮಕ್ಕಳಿಗೆ ಸಿಗಬಾರದು. ಆಯುಧ ಕಳೆದುಹೋದರೆ ಕೂಡಲೇ ಠಾಣೆಗೆ ತಿಳಿಸಬೇಕು. ಚುನಾವಣೆ ಹೊತ್ತಿನಲ್ಲಿ ಆದೇಶವಾದರೆ ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು.

ಪರವಾನಗಿ ಇದ್ದಮಾತ್ರಕ್ಕೆ ಗುಂಡು ಹಾರಿಸುವ ಹಕ್ಕು ಸಿಗುವುದಿಲ್ಲ. ಆತ್ಮರಕ್ಷಣೆಯ ಹಕ್ಕಿನ ಮಿತಿಯನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಹೇಳುತ್ತವೆ. ಅಪಾಯ ಎದುರಿಗಿರಬೇಕು, ರಕ್ಷಣೆಗೆ ಬೇಕಾದಷ್ಟೇ ಬಲ ಬಳಸಬೇಕು, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇರುವುದಿಲ್ಲ. ಬೆನ್ನು ತಿರುಗಿಸಿ ಓಡುವ ಕಳ್ಳನಿಗೆ ಗುಂಡು ಹೊಡೆದು ಆತ್ಮರಕ್ಷಣೆ ಎಂದರೆ ನ್ಯಾಯಾಲಯ ಒಪ್ಪುವುದು ಕಷ್ಟ. ಹೀಗಾಗಿ ಜಾಗ ಬಿಟ್ಟು ಸರಿಯುವುದು, ಬಾಗಿಲು ಹಾಕಿಕೊಳ್ಳುವುದು, 112ಕ್ಕೆ ಕರೆ ಮಾಡುವುದು ಮೊದಲು; ಬೇರೆ ದಾರಿಯೇ ಇಲ್ಲದಾಗ ಮಾತ್ರ ಪಿಸ್ತೂಲು. ಗುಂಡು ಹಾರಿದ್ದೇ ಆದರೆ ಗಾಯಾಳುವಿಗೆ ನೆರವು ಕರೆಸಿ, ಪೊಲೀಸರಿಗೆ ತಾವಾಗಿಯೇ ತಿಳಿಸಿ, ಆಯುಧವನ್ನು ಅವರಿಗೆ ಒಪ್ಪಿಸಬೇಕು.