ಸೈಕಲ್ ಹತ್ತಲು ಎಷ್ಟು ಉಮೇದು ಬೇಕು?

“ಉಮೇದಿ ಬರಬೇಕ್ರೀ. ಅದು ಬಂತಂದ್ರ ನಾಳಿಂದನ ಶುರು.” ಸೈಕಲ್ ಹೊಡೆಯುವ ಮಾತು ಎತ್ತಿದರೆ ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿ ಇಂಥ ಉತ್ತರ ಸುಲಭವಾಗಿ ಸಿಗುತ್ತದೆ. ಹೊಟ್ಟೆ ಕರಗಿಸಬೇಕು, ಶುಗರ್ ಹತೋಟಿಗೆ ತರಬೇಕು, ಪೆಟ್ರೋಲ್ ಖರ್ಚು ಇಳಿಸಬೇಕು ಎಂದು ಗುರಿಗಳಿಗೇನೂ ಬರವಿಲ್ಲ. ಎಷ್ಟೋ ಮನೆಗಳಲ್ಲಿ ಸೈಕಲ್ಲೂ ಇದೆ. ಮಗಳಿಗೋ ಮಗನಿಗೋ ಶಾಲೆಯಲ್ಲಿ ಕೊಟ್ಟದ್ದು ಗೋಡೆಗೆ ಒರಗಿ ಧೂಳು ತಿನ್ನುತ್ತಿದೆ. ಇಲ್ಲದಿರುವುದು ಉಮೇದು ಒಂದೇ ಎಂದು ನಾವು ನಂಬಿದ್ದೇವೆ. ಸೈಕಲ್ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಅತಿ ಹೆಚ್ಚು ಜನರನ್ನು ಕಟ್ಟಿ ಕೂರಿಸಿರುವುದು ಇದೇ ಎಂದು ನನಗೆ ಅನ್ನಿಸುತ್ತದೆ.

ಉಮೇದು ಬಂದು ಹೋಗುವಂಥದ್ದು. ಅದನ್ನು ನೆಚ್ಚಿ ಯಾವ ರೂಢಿಯೂ ನಿಲ್ಲುವುದಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಬರೆದ ಹೆಸರಾಂತ ಲೇಖನವೊಂದರ ಸಾರ ಇಷ್ಟು: “ಇಂಥದ್ದನ್ನು ಸಾಧಿಸುತ್ತೇನೆ” ಎನ್ನುವವರಿಗಿಂತ, “ಇಂಥ ಹೊತ್ತಿಗೆ, ಇಂಥ ಕಡೆ, ಇದು ಮುಗಿದ ಕೂಡಲೇ ಇದನ್ನು ಮಾಡುತ್ತೇನೆ” ಎಂದು ಮೊದಲೇ ಗೊತ್ತು ಮಾಡಿಕೊಂಡವರು ಕೆಲಸವನ್ನು ಕೈಗೂಡಿಸಿಕೊಳ್ಳುವುದು ಹೆಚ್ಚು. “ದಿನಾ ಸೈಕಲ್ ಹೊಡೆಯುತ್ತೇನೆ” ಎಂಬ ಸಂಕಲ್ಪ ಗಾಳಿಯಲ್ಲಿರುತ್ತದೆ. “ಡೇರಿಗೆ ಹಾಲು ಹಾಕಿ ಬಂದ ಕೂಡಲೇ ಸೈಕಲ್ ಮೇಲೆ ಹೊಲಕ್ಕೆ” ಎಂಬುದಕ್ಕೆ ಹೊತ್ತೂ ಇದೆ, ಹಾದಿಯೂ ಇದೆ.

ಇದರ ಜೊತೆಗೇ ಓಡಾಡುವ ಇನ್ನೊಂದು ಮಾತು, 21 ದಿನ ಮಾಡಿದರೆ ಯಾವುದೂ ರೂಢಿಯಾಗುತ್ತದೆ ಎಂಬುದು. ಇದರ ಬೇರು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿದೆ. ಶಸ್ತ್ರಚಿಕಿತ್ಸೆಯ ನಂತರ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕಡಿಮೆಯೆಂದರೂ 21 ದಿನ ಬೇಕಾಗುತ್ತದೆ ಎಂದು ಆತ ಗಮನಿಸಿದ್ದ. ಬಾಯಿಂದ ಬಾಯಿಗೆ ಹೋಗುತ್ತ “ಕಡಿಮೆಯೆಂದರೂ” ಬಿದ್ದುಹೋಯಿತು, ಉಳಿದದ್ದು ಎಲ್ಲಕ್ಕೂ ಅನ್ವಯಿಸುವ ನಿಯಮವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಿಗಾ ಇಟ್ಟು ನೋಡಿದಾಗ ರೂಢಿ ಬೇರೂರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗಬಹುದೆಂಬ ಲೆಕ್ಕ ಬಂತು. ಊಟದ ಜೊತೆ ನೀರು ಕುಡಿಯುವಂಥದ್ದು ಬೇಗ ಕೂಡಿತು, ವ್ಯಾಯಾಮ ನಿಧಾನವಾಯಿತು. ನನಗೆ ಮುಖ್ಯವೆನ್ನಿಸುವುದು ಅದೇ ಅಧ್ಯಯನದ ಇನ್ನೊಂದು ಅಂಶ: ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಮನೆಯಲ್ಲಿ ಮದುವೆ ಬಂತು, ಜ್ವರ ಬಂತು, ನಾಲ್ಕು ದಿನ ಸೈಕಲ್ ಬಿಟ್ಟಿರಿ ಅನ್ನಿ. ಐದನೆಯ ದಿನ ಹತ್ತಿದರಾಯಿತು. “ಬಿಟ್ಟೇ ಹೋಯ್ತು, ಇನ್ನೇನು” ಎಂದು ಕೈಚೆಲ್ಲುವುದರಲ್ಲಿ ಅರ್ಥವಿಲ್ಲ.

ಈ ಸೀಮೆಯ ಸಾಲೋಟಗಿಯಂಥ ಊರಿಗೆ ಇದರಲ್ಲಿ ಒಂದು ಅನುಕೂಲವಿದೆ. ತಾಲ್ಲೂಕು ಕೇಂದ್ರವಾದ ಇಂಡಿ ಹತ್ತು ಕಿ.ಮೀ. ಆಸುಪಾಸಿನಲ್ಲಿದೆ. ಬ್ಯಾಂಕು, ಸಂತೆ, ಕಾಲೇಜು, ಕಚೇರಿ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಹೊಲವೋ ಇನ್ನೂ ಹತ್ತಿರ. ಬೆಂಗಳೂರಿನವರು ಸೈಕಲ್ ಹೊಡೆಯಲೆಂದೇ ಬೆಳಿಗ್ಗೆ ಹೊತ್ತು ಹುಡುಕಬೇಕು, ಇಲ್ಲಿಯವರು ಹೇಗೂ ಮಾಡಬೇಕಾದ ಓಡಾಟವನ್ನೇ ಸೈಕಲ್ಲಿಗೆ ವಹಿಸಬಹುದು. ಕೆಲಸದ ಜೊತೆ ಗಂಟು ಹಾಕಿದ ಸೈಕಲ್ ಸವಾರಿ ಉಮೇದಿಗೆ ಕಾಯುವುದಿಲ್ಲ. ಲೆಕ್ಕ ನೋಡಿ: ಹತ್ತು ಕಿ.ಮೀ.ಗೆ ಆರಾಮಾಗಿ ತುಳಿದರೂ ನಲವತ್ತು ನಿಮಿಷ. ವಾರಕ್ಕೆ ಎರಡು ಸಲ ಹೋಗಿ ಬಂದರೆ 160 ನಿಮಿಷ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅಲ್ಲಿಗೇ ಮುಗಿಯಿತು.

“ಹೊಟ್ಟಿ ಕರಗತೈತಿ”

ಇದು ಅರ್ಧ ಸತ್ಯ, ಮತ್ತು ಬಹಳ ಜನ ಸೈಕಲ್ ಬಿಡುವುದು ಈ ಅರ್ಧ ಸತ್ಯದಿಂದಲೇ. ಅರವತ್ತು ಕಿಲೋ ತೂಗುವ ಒಬ್ಬರು ಸಾಲೋಟಗಿಯಿಂದ ಇಂಡಿಗೆ ತುಳಿದರೆ ಖರ್ಚಾಗುವುದು ಹೆಚ್ಚುಕಡಿಮೆ 200ರಿಂದ 250 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700 ಕ್ಯಾಲೊರಿ. ಅಂದರೆ ಊಟ ಒಂದಿಷ್ಟೂ ಹೆಚ್ಚಾಗದಿದ್ದರೂ ಒಂದು ಕಿಲೋ ಇಳಿಯಲು ಸುಮಾರು ಮೂವತ್ತೈದು ಸಲ ಹೋಗಬೇಕು. ಇಂಡಿಯಲ್ಲಿ ಇಳಿದು ಒಂದು ಪ್ಲೇಟ್ ಭಜಿ, ಸಕ್ಕರೆ ತುಂಬಿದ ಚಹಾ ಮುಗಿಸಿದರೆ ಆ ಲೆಕ್ಕವೂ ಇಲ್ಲ. ಇನ್ನು ಹೊಟ್ಟೆಯ ಕೊಬ್ಬು ಮಾತ್ರ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ. ಕಾಲು ತುಳಿದರೂ, ಹೊಟ್ಟೆ ಬಗ್ಗಿಸಿದರೂ, ದೇಹ ಕೊಬ್ಬನ್ನು ಎಲ್ಲ ಕಡೆಯಿಂದ ತೆಗೆದುಕೊಳ್ಳುತ್ತದೆ.

ತಕ್ಕಡಿಯನ್ನೇ ಗುರಿಯಾಗಿಟ್ಟುಕೊಂಡವರು ತಿಂಗಳಲ್ಲಿ ಬೇಸತ್ತು ಬಿಡುತ್ತಾರೆ. ಆದರೆ ತಕ್ಕಡಿ ತೋರಿಸದ ಲಾಭ ದೊಡ್ಡದು. ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ 2017ರ ಅಧ್ಯಯನದಲ್ಲಿ, ಕೆಲಸಕ್ಕೆ ಸೈಕಲ್ ಮೇಲೆ ಹೋಗುವವರಿಗೆ ಅಧ್ಯಯನದ ಅವಧಿಯಲ್ಲಿ ಸಾವಿನ ಅಪಾಯ ಕಾರು, ಬಸ್ಸಿನಲ್ಲಿ ಕೂತು ಹೋಗುವವರಿಗಿಂತ ಶೇ. 41ರಷ್ಟು ಕಡಿಮೆಯಿತ್ತು. ಸೈಕಲ್ ಹೊಡೆಯುವವರು ಮೊದಲೇ ಗಟ್ಟಿಮುಟ್ಟಾಗಿರುವುದೂ ಇದರಲ್ಲಿ ಸ್ವಲ್ಪ ಸೇರಿರಬಹುದು, ಹಾಗಾಗಿ ಅಂಕಿಯನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ಅಧ್ಯಯನದಿಂದ ಅಧ್ಯಯನಕ್ಕೆ ಫಲಿತಾಂಶ ಅದೇ ದಿಕ್ಕಿಗೆ ಹೋಗುತ್ತದೆ.

“ಮೊಣಕಾಲು ಸವಿತಾವ”

ಸೀಟು ತಗ್ಗಿದ್ದರೆ ಮೊಣಕಾಲು ನೋಯುವುದು ನಿಜ, ಹಳ್ಳಿಯ ಸೈಕಲ್ಲುಗಳಲ್ಲಿ ಸೀಟು ತಗ್ಗೇ ಇರುತ್ತದೆ, ಎರಡೂ ಪಾದ ನೆಲಕ್ಕೆ ಊರಲಿ ಎಂದು. ಪೆಡಲ್ ತಳಕ್ಕೆ ಬಂದಾಗ ಕಾಲು ಹತ್ತಿರ ಹತ್ತಿರ ನೇರವಾಗಿ, ಮೊಣಕಾಲು 25ರಿಂದ 35 ಡಿಗ್ರಿಯಷ್ಟೇ ಮಡಚಿರಬೇಕು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ಒತ್ತಿದಾಗ ಕಾಲು ಪೂರ್ತಿ ಚಾಚಿದರೆ ಎತ್ತರ ಸರಿಯಾಗಿದೆ ಎಂದರ್ಥ. ಇದಕ್ಕೆ ಒಂದು ಪಾನಾ ಸಾಕು. ಓಡುವಾಗ ಬೀಳುವ ಪೆಟ್ಟು ಸೈಕಲ್ ಮೇಲೆ ಮೊಣಕಾಲಿಗೆ ಬೀಳುವುದಿಲ್ಲ. ಅದಕ್ಕೇ ಮೊಣಕಾಲು ಸವೆತದವರಿಗೆ ವೈದ್ಯರು ಸೈಕಲ್ ಹೇಳುವುದುಂಟು. ಗಂಡಸರ ಪುರುಷತ್ವ ಕೆಡುತ್ತದೆ ಎಂಬ ಪಿಸುಮಾತೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸೈಕಲ್ ಹೊಡೆಯುವವರನ್ನು ಈಜುವವರು, ಓಡುವವರ ಜೊತೆ ಹೋಲಿಸಿದಾಗ ಅಂಥ ಕೆಡುಕು ಕಾಣಲಿಲ್ಲ. ತೊಡೆಯ ಸಂದು ಜೋಮು ಹಿಡಿದರೆ ಸೀಟನ್ನು ಸರಿಪಡಿಸಿ, ಆಗಾಗ ಎದ್ದು ನಿಂತು ತುಳಿಯಿರಿ.

“ಗೇರ್ ಸೈಕಲ್ ಇಲ್ಲಾಂದ್ರ ಏನಾಗತದ?”

ಗೇರ್ ಇಲ್ಲದೆಯೂ ಎಲ್ಲ ನಡೆಯುತ್ತದೆ. ನಮ್ಮದು ಎರೆಭೂಮಿಯ ಬಯಲು. ಬಯಲು ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗಕ್ಕೆ ಬೇಕಾಗುವ ಶಕ್ತಿ 50 ವ್ಯಾಟ್ ಆಸುಪಾಸು, ಮನೆಯ ಹಳೆ ಸೀಲಿಂಗ್ ಫ್ಯಾನಿಗೆ ಬೇಕಾಗುವುದಕ್ಕಿಂತ ಕಡಿಮೆ. ಅದರಲ್ಲಿ ಸುಮಾರು ಅರ್ಧ ಟೈರಿನ ಉರುಳಾಟಕ್ಕೆ, ಅರ್ಧ ಗಾಳಿಗೆ ಹೋಗುತ್ತದೆ. ವೇಗ ಎರಡು ಪಟ್ಟು ಮಾಡಿದರೆ ಗಾಳಿಯನ್ನು ಸೀಳುವ ಶಕ್ತಿ ಎಂಟು ಪಟ್ಟು ಬೇಕು. ರೇಸಿನವರಿಗೆ ದುಬಾರಿ ಸೈಕಲ್, ಬಗ್ಗಿದ ಹ್ಯಾಂಡಲ್ ಬೇಕಾಗುವುದು ಅಲ್ಲಿ. ನಿಧಾನವಾಗಿ ಹೋಗುವವರಿಗೆ ಸೈಕಲ್ ಐದು ಕಿಲೋ ಹಗುರವಾದರೂ ಬಯಲಲ್ಲಿ ಗೊತ್ತಾಗುವುದೇ ಇಲ್ಲ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ, ಚೈನು ತುಕ್ಕು ಹಿಡಿದಿದ್ದರೆ ಮಾತ್ರ ಕೂಡಲೇ ಗೊತ್ತಾಗುತ್ತದೆ. ಹತ್ತಾರು ಸಾವಿರದ ಗೇರ್ ಸೈಕಲ್ಲಿಗೆ ಹಣ ಕೂಡಿಸುತ್ತ ಕೂರುವ ಬದಲು, ಗೋಡೆಗೊರಗಿದ ಸೈಕಲ್ಲಿಗೆ ಹೊಸ ಟ್ಯೂಬು, ಎಣ್ಣೆ, ಬ್ರೇಕಿನ ರಬ್ಬರು ಹಾಕಿಸಿ. ನಮ್ಮ ರಸ್ತೆಯ ನಿಜವಾದ ಶತ್ರು ಜಾಲಿಮುಳ್ಳು, ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತುವ ಎರೆಮಣ್ಣು. ಪಂಚರ್ ತಿದ್ದುವುದನ್ನು ಕಲಿತಿದ್ದರೆ ಮೊದಲನೆಯದಕ್ಕೆ ಹೆದರಬೇಕಿಲ್ಲ. ಎರಡನೆಯದಕ್ಕೆ ಡಾಂಬರು ರಸ್ತೆ ಬಿಟ್ಟಿಳಿಯದಿರುವುದೇ ಉಪಾಯ.

ಬಿಸಿಲಿನ ಮಾತು ಹಗುರವಾದದ್ದಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯಲ್ಲಿ ಪಾರಾ 40 ದಾಟುತ್ತದೆ, ಆಗ ನಡುಹಗಲಿಗೆ ಸೈಕಲ್ ಬೇಡವೇ ಬೇಡ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ನಂತರ ಹೋಗಿ. ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆ ಕೈಗೆಟಕುವಲ್ಲೇ ಇದೆ, ಒಂದು ಬಾಟಲಿ ನೀರಿಗೆ ಅದನ್ನು ಹಿಂಡಿ ಚಿಟಿಕೆ ಉಪ್ಪು ಹಾಕಿಕೊಳ್ಳಿ. ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಓಡಾಡುವವರಂತೂ ಹಿಂದೆ ಕೆಂಪು ದೀಪ ಇಲ್ಲದೆ ರಸ್ತೆಗಿಳಿಯಬಾರದು. ಟ್ರ್ಯಾಕ್ಟರಿನವನಿಗೆ ನೀವು ಕಾಣಬೇಕು.

“ಹೆಣ್ಮಕ್ಕಳು ಸೈಕಲ್ ಹೊಡದ್ರ...”

ಈ ವಾಕ್ಯವನ್ನು ಯಾರೂ ಪೂರ್ತಿ ಮಾಡುವುದಿಲ್ಲ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಅರ್ಧ ವಾಕ್ಯದಿಂದ ಶಾಲೆ ಬಿಟ್ಟ ಹುಡುಗಿಯರಿದ್ದಾರೆ. ಸೈಕಲ್ಲಿನಿಂದ ಕನ್ಯಾಪೊರೆ ಹರಿದು ಕನ್ಯತ್ವ ಹೋಗುತ್ತದೆ ಎಂಬುದು ಆ ಭಯ. ಆ ಪೊರೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ, ಹಿಗ್ಗುತ್ತದೆ. ಕನ್ಯತ್ವವನ್ನು ಹೇಳುವ ಯಾವ ಗುರುತೂ ದೇಹದಲ್ಲಿಲ್ಲ. ಕನ್ಯತ್ವ ಪರೀಕ್ಷೆಗೆ ವೈದ್ಯಕೀಯ ಆಧಾರವೇ ಇಲ್ಲ, ಅದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅತ್ಯಾಚಾರ ಪ್ರಕರಣಗಳಲ್ಲಿ ನಡೆಯುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಕಟುವಾಗಿ ಖಂಡಿಸಿ ನಿಲ್ಲಿಸಲು ಆದೇಶಿಸಿತು. ಸೈಕಲ್ಲಿನಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬುದಕ್ಕೂ ಆಧಾರವಿಲ್ಲ. ಮುಟ್ಟಿನ ದಿನಗಳಲ್ಲಿ ತುಳಿಯಬಾರದು ಎಂಬುದೂ ಹಾಗೆಯೇ. ವ್ಯಾಯಾಮದಿಂದ ಮುಟ್ಟಿನ ನೋವು ಎಷ್ಟೋ ಜನರಿಗೆ ತಗ್ಗುತ್ತದೆ. ಯುರೋಪಿನಲ್ಲೂ 1890ರ ದಶಕದಲ್ಲಿ ಕೆಲವು ವೈದ್ಯರು ಹೆಂಗಸರಿಗೆ ಸೈಕಲ್ಲಿನಿಂದ “ಸೈಕಲ್ ಮುಖ” ಎಂಬ ರೋಗ ಬರುತ್ತದೆ ಎಂದು ಹೆದರಿಸಿದ್ದರು. ಹೆಣ್ಣು ತಾನೇ ಹೊರಟು ಹೋಗುವುದರ ಭಯ ಎಲ್ಲ ಕಡೆಯೂ ವೈದ್ಯದ ವೇಷ ಹಾಕಿಕೊಂಡೇ ಬಂದಿದೆ.

ಸತ್ಯ ಏನೆಂದು ಬಿಹಾರ ತೋರಿಸಿಕೊಟ್ಟಿತು. ಅಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನದ ಪ್ರಕಾರ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32 ಏರಿತು, ಹುಡುಗ–ಹುಡುಗಿಯರ ನಡುವಿನ ಅಂತರ ಶೇ. 40 ಇಳಿಯಿತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಕರ್ನಾಟಕದಲ್ಲೂ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವುದು ಶುರುವಾಯಿತು. ಕೋವಿಡ್ ವರ್ಷ ನಿಂತದ್ದು ಮುಂದೆಯೂ ಕೆಲವು ವರ್ಷ ಬರಲಿಲ್ಲ. ಆ ವರ್ಷಗಳ ಹುಡುಗಿಯರು ಕಳೆದುಕೊಂಡದ್ದು ದೊಡ್ಡದು ಎಂದು ನಾನು ನಂಬುತ್ತೇನೆ.

ಸಾಲೋಟಗಿಗೆ ಈ ಮಾತು ಇನ್ನೂ ಹತ್ತಿರದ್ದು. ಇಲ್ಲಿಯ ಕ್ರಿ.ಶ. 945ರ ಕಂಬದ ಶಾಸನ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಯನ್ನು ದಾಖಲಿಸುತ್ತದೆ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ದೀಪಕ್ಕೆಂದೇ ಬೇರೆ ಭೂಮಿ, ಊರಿನ ಪ್ರತಿ ಮದುವೆಯಿಂದ ಐದು ನಾಣ್ಯದ ಕಾಣಿಕೆ. ಓದಲು ದೂರದಿಂದ ಬರುವವರನ್ನು ಇಡೀ ಊರು ಪೊರೆಯುತ್ತಿತ್ತು. ಈಗ ಓದಲು ಹೊರಗೆ ಹೋಗಬೇಕಾದ ಮಗಳಿಗೆ ಹತ್ತು ಕಿ.ಮೀ. ಹಾದಿಯನ್ನು ನಿರಾಕರಿಸುವುದು ಈ ಊರಿಗೆ ಒಪ್ಪುವುದಿಲ್ಲ.

ಅಂದಹಾಗೆ ವಿಜಯಪುರ–ಬಾಗಲಕೋಟೆ ಸೀಮೆ ರಾಜ್ಯದ ಸೈಕ್ಲಿಂಗ್ ತವರು. ಇಲ್ಲಿಯ ಕ್ರೀಡಾ ವಸತಿ ನಿಲಯಗಳಿಂದ ಬಂದ ರೈತ ಮನೆಗಳ ಹುಡುಗ ಹುಡುಗಿಯರು ರಾಷ್ಟ್ರೀಯ ಪದಕ ಗೆದ್ದಿದ್ದಾರೆ. ಅದನ್ನು ನೋಡಿ “ಸೈಕಲ್ ಅಂದರೆ ರೇಸು, ಅದು ಅವರಿಗೆ” ಎಂದುಕೊಳ್ಳಬೇಕಿಲ್ಲ. ಸಂತೆಗೆ ಹೋಗಿ ಬರುವುದೂ ಪೂರ್ಣ ಗುರಿಯೇ.

ಕೊನೆಯ ತಪ್ಪು ಕಲ್ಪನೆ, ವಯಸ್ಸಾದ ಮೇಲೆ ಸೈಕಲ್ ಕಲಿಯಲಾಗದು ಎಂಬುದು. ತಮಿಳುನಾಡಿನ ಪುದುಕ್ಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಸಾಕ್ಷರತಾ ಆಂದೋಲನದ ಜೊತೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಹತ್ತಾರು ಸಾವಿರ ಹೆಂಗಸರು ಕಲಿತರು, ಕೂಲಿಯವರು, ಕಲ್ಲುಗಣಿಯವರು, ಅಂಗನವಾಡಿಯವರು. ಬೀಳುವ ಭಯಕ್ಕೆ ದಾರಿ ಹೀಗಿದೆ. ಎರಡೂ ಪೆಡಲ್ ಬಿಚ್ಚಿ, ಸೀಟನ್ನು ಈ ಕಲಿಕೆಯ ಮಟ್ಟಿಗೆ ಪೂರ್ತಿ ತಗ್ಗಿಸಿ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಮರೆಯಬೇಡಿ. ಶಾಲೆಯ ಮೈದಾನದಲ್ಲಿ ಪಾದದಿಂದ ನೆಲ ಒದ್ದು ಸಾಗಿ. ಸೈಕಲ್ ಯಾವ ಕಡೆ ವಾಲುತ್ತದೋ ಹ್ಯಾಂಡಲನ್ನು ಅದೇ ಕಡೆ ಸ್ವಲ್ಪ ತಿರುಗಿಸಿದರೆ ಚಕ್ರ ಬಂದು ನಿಮ್ಮ ಕೆಳಗೇ ನಿಲ್ಲುತ್ತದೆ. ಎರಡೂ ಪಾದ ಎತ್ತಿ ಹತ್ತು ಮಾರು ಸಾಗುವಂತಾದ ದಿನ ಪೆಡಲ್ ಮತ್ತೆ ಕೂಡಿಸಿ, ಸೀಟನ್ನು ದಿನಕ್ಕಿಷ್ಟು ಏರಿಸುತ್ತ ಬನ್ನಿ.