ಬೆರಳು ಕಚ್ಚಿದ ಕರ್ನಲ್

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್. ಹೊರಗಿನ ಉರಿಬಿಸಿಲಿನಿಂದ ಜಗಲಿಗೆ ಕಾಲಿಟ್ಟರೆ, ಸುತ್ತ ಇಳಿಬಿಟ್ಟ ಹಸಿರು ಪರದೆಗಳಿಂದಾಗಿ ಒಂದು ಗಳಿಗೆ ಏನೂ ಕಾಣದು. ಕಣ್ಣು ಹೊಂದಿಕೊಂಡ ಮೇಲೆ ಪಡುವಣ ಗೋಡೆಯಲ್ಲಿ ಆನೆ, ಕುದುರೆ, ಕೆಂಪು ಕೋಟುಗಳು ಒಂದೊಂದಾಗಿ ಮೂಡುತ್ತವೆ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಇದು. ಗೋಡೆಯ ಮೇಲಿರುವುದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ನಡೆದ ಪೊಳ್ಳಿಲೂರು ಕಾಳಗ. ಹೈದರ್ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಪಡೆಯೊಂದನ್ನು ನುಚ್ಚುನೂರು ಮಾಡಿದ ದಿನ.

ನಾನು ಹುಡುಕುತ್ತಿದ್ದುದು ಒಬ್ಬನನ್ನೇ, ಆ ಪಡೆಯ ಸೇನಾಪತಿ ಕರ್ನಲ್ ಬೇಲಿಯನ್ನು. ಕಂಪನಿಯ ಸಿಪಾಯಿಗಳು ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮುಖಗಳು. ನಡುವೆ ಪಲ್ಲಕ್ಕಿ. ಅದರೊಳಗೆ ಗಾಯಗೊಂಡ ಬೇಲಿ, ಬೆರಳು ಬಾಯಲ್ಲಿ. ಮೇಲುಗಡೆ ಮದ್ದಿನ ಬಂಡಿ ಸಿಡಿಯುತ್ತಿದೆ. ಬೆರಗಾದರೆ ನಾವು ಮೂಗಿನ ಮೇಲೆ ಬೆರಳಿಡುತ್ತೇವೆ; ಪಾರಸಿ, ಮೊಗಲ್ ಚಿತ್ರಗಾರರು ಅದನ್ನೇ ತುಟಿಗಿಳಿಸಿದರು. ಅವರ ಚಿತ್ರಗಳಲ್ಲಿ ಅದು ಬರೀ ಅಚ್ಚರಿ. ಸೋಲುತ್ತಿರುವ ಸೇನಾಪತಿಯ ಬಾಯಿಗೆ ಬಂದಾಗ ಭಯವೂ ಹೌದು, ಗೇಲಿಯೂ ಹೌದು.

ಗೆದ್ದವರ ಮುಖದಲ್ಲಿ ಇಷ್ಟೂ ಇಲ್ಲ. ರುಂಡಗಳು ಉರುಳುತ್ತಿದ್ದರೆ ಟಿಪ್ಪು ಆನೆಯ ಮೇಲೆ ಕೂತು ಗುಲಾಬಿ ಮೂಸುತ್ತಿದ್ದಾನೆ, ಸಂಜೆ ತೋಟಕ್ಕೆ ಬಂದವನಂತೆ. ಕೋಪವಿಲ್ಲ, ಉಬ್ಬಿಲ್ಲ. ಬಿಚ್ಚುಗತ್ತಿಗಿಂತ ನನಗೆ ಆ ಹೂವೇ ಹೆಚ್ಚು ಭಯ ಹುಟ್ಟಿಸಿತು.

ತಡವಾಗಿ ಬಂದ ಹೈದರಾಬಾದಿನ ನಿಜಾಮನ ಪಕ್ಕ ಹಸು, ಹಂದಿ ಬರೆದಿದ್ದಾರೆ. ಹಂದಿಯಂತೆ ನುಗ್ಗಿ ಬಂದ, ಹಸುವಿನಂತೆ ಹಿಂತಿರುಗಿದ ಎಂಬುದು ಗೈಡುಗಳ ವ್ಯಾಖ್ಯಾನ. ಮಕ್ಕಳು ನಗುವುದು ಇಲ್ಲಿಯೇ.

1799ರ ಬ್ರಿಟಿಷರ ಮುತ್ತಿಗೆಗೆ ಮುಂಚೆ ಚಿತ್ರಕ್ಕೆ ಸುಣ್ಣ ಬಳಿದಿದ್ದರು. ಪಟ್ಟಣ ಬಿದ್ದ ಮೇಲೆ ಇದೇ ಅರಮನೆಯಲ್ಲಿ ಬಿಡಾರ ಹೂಡಿದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲವನ್ನು ಕಂಡು ನೆನಪಿಟ್ಟುಕೊಂಡಿದ್ದ ಚಿತ್ರಗಾರನಿಂದ ಮತ್ತೆ ಬರೆಸಿದ. ತಮ್ಮ ಸೋಲಿನ ಚಿತ್ರಕ್ಕೆ ತಾವೇ ಬಣ್ಣ ಹಾಕಿಸಿದ ದೊರೆಗಳು! ಇಷ್ಟು ಕೈ ಬದಲಾದರೂ ಬೇಲಿಯ ಬೆರಳನ್ನು ಬಾಯಿಂದ ಯಾರೂ ತೆಗೆಸಲಿಲ್ಲ.

ಬೇಲಿ ಮಾತ್ರ ಇದನ್ನು ನೋಡಲಿಲ್ಲ. ಸೆರೆಯಾಳಾಗಿ ಇದೇ ಊರಿಗೆ ಬಂದವನು 1782ರಲ್ಲಿ ಇಲ್ಲೇ ಸತ್ತ. ಹೈದರ್, ಟಿಪ್ಪು ಸಮಾಧಿಯಿರುವ ಗುಂಬಜ್‌ನ ಬಳಿ ಅವನ ಸ್ಮಾರಕವಿದೆ. ಹೊರಗೆ ಬಂದು ಆಟೋದವರನ್ನು ಕೇಳಿದೆ.

"ಗುಂಬಜ್ ಗೊತ್ತು ಸಾರ್, ಹತ್ತಿ. ಬೇಲಿ ಯಾರು?"