ನಿಮಗಿದು ಗೊತ್ತೆ? ಉಳಿ ಮುಟ್ಟದ ಕಲ್ಲುಕಂಬಗಳ ದ್ವೀಪ

ಮಲ್ಪೆ ಕಡಲಾಚೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಯಾರೂ ಕಡೆದಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳು ಶಿಲ್ಪಿಗಳ ಕೈಕೆಲಸ. ದ್ವೀಪದ ಕಂಬಗಳು ಲಾವಾ ತಣಿದಾಗ ತಾವಾಗಿ ಮೂಡಿದವು. ಬಿಸಿ ಲಾವಾ ಆರುತ್ತ ಕುಗ್ಗಿತು, ಕುಗ್ಗುತ್ತ ಬಿರುಕು ಬಿಟ್ಟಿತು. ಬಿರುಕುಗಳು ಮೇಲಿನಿಂದ ಆಳಕ್ಕಿಳಿದು ಬಂಡೆಯನ್ನು ಕಂಬಗಳಾಗಿ ಸೀಳಿದವು. ಹತ್ತಿರ ನಿಂತು ಎಣಿಸಿದರೆ ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು, ಇನ್ನು ಕೆಲವಕ್ಕೆ ಏಳು. ಅಲೆ ಬಡಿಯುವ ಕಡೆ ತುದಿಗಳು ಸವೆದು ಮೆಟ್ಟಿಲಿನಂತಾಗಿವೆ.

ಈ ಶಿಲೆಯ ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ಇದು. ಎರಡೂ ನೆಲಗಳು ಒಮ್ಮೆ ಅಂಟಿಕೊಂಡಿದ್ದವು ಎಂಬುದಕ್ಕೆ ಇಷ್ಟು ಸುಲಭವಾಗಿ ಕೈಗೆಟಕುವ ಸಾಕ್ಷಿ ಕರಾವಳಿಯಲ್ಲಿ ವಿರಳ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ದ್ವೀಪದಲ್ಲಿ ಮನೆಗಳಿಲ್ಲ, ವಸತಿಗೃಹವೂ ಇಲ್ಲ. ತೆಂಗಿನ ಮರ, ಕಂಬಗಳು, ಚಿಪ್ಪು ತುಂಬಿದ ದಡ, ಇಷ್ಟೇ. ಮಲ್ಪೆಯಿಂದ ಬೋಟಿನಲ್ಲೇ ಹೋಗಬೇಕು. ಮಳೆಗಾಲದಲ್ಲಿ ಕಡಲು ಉಕ್ಕುವುದರಿಂದ ಬೋಟು ನಿಲ್ಲುತ್ತದೆ. ಟೆಂಟ್ ಹಾಕಿ ರಾತ್ರಿ ತಂಗಲು ಅವಕಾಶವಿಲ್ಲ. ಕಂಬಗಳ ಉಳಿವಿಗೆ ಅದು ಒಳ್ಳೆಯದೇ. ಹತ್ತಿರದ ಊರುಗಳವರು ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು.